ಅಟ್ಟದ ಮೇಲಿನ ಕಾಗದ

2003ರ ಫೆಬ್ರವರಿ 1, ಶನಿವಾರ. ರಾತ್ರಿ ಊಟಕ್ಕೆ ಚಪಾತಿ ಲಟ್ಟಿಸುತ್ತಿದ್ದೆ. ನಡುಮನೆಯಲ್ಲಿ ಟೀವಿ ನೋಡುತ್ತಿದ್ದ ನಮ್ಮ ಯಜಮಾನರು, "ಬಾ ಇಲ್ಲಿ, ಕಲ್ಪನಾ ಚಾವ್ಲಾ ಇದ್ದ ನೌಕೆ ಒಡೆದುಹೋಯ್ತಂತೆ" ಎಂದು ಕೂಗಿದರು. ಹಿಟ್ಟಿನ ಕೈಯಲ್ಲೇ ಹೋಗಿ ನಿಂತೆ. ನೀಲಿ ಆಕಾಶದಲ್ಲಿ ಬೆಳ್ಳಗಿನ ಗೆರೆಯೊಂದು ಬರುಬರುತ್ತ ಎರಡಾಗಿ ಮೂರಾಗಿ ಸೀಳುತ್ತಿತ್ತು. ಅದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. ಹದಿನಾರು ದಿನ ಮೇಲಿದ್ದು, ನೆಲ ಮುಟ್ಟಲು ಇನ್ನು ಹದಿನಾರು ನಿಮಿಷ ಇದೆ ಎನ್ನುವಾಗ ಅಮೆರಿಕದ ಟೆಕ್ಸಾಸ್ ಮೇಲೆ ಕೊಲಂಬಿಯಾ ನೌಕೆ ಚೂರಾಗಿತ್ತು. ಹೊರಡುವಾಗ ಇಂಧನದ ಟ್ಯಾಂಕಿನಿಂದ ಕಳಚಿದ ಫೋಮಿನ ತುಂಡೊಂದು ಎಡರೆಕ್ಕೆಗೆ ಬಡಿದದ್ದೇ ಕಾರಣವೆಂದು ಆಮೇಲೆ ತನಿಖೆಯಲ್ಲಿ ಗೊತ್ತಾಯಿತು. ಆ ರಾತ್ರಿ ನಮಗೆ ತಿಳಿದದ್ದು ಕರ್ನಾಲಿನ ಹುಡುಗಿ ಹಿಂದಿರುಗಲಿಲ್ಲ ಎಂಬುದಷ್ಟೇ.

ಸೋಮವಾರ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಎರಡು ನಿಮಿಷ ಮೌನ. ಹೆಡ್‌ಮಾಸ್ಟರು, "ನೋಟೀಸ್ ಬೋರ್ಡಿಗೆ ಏನಾದರೂ ಅಂಟಿಸಿ ಮೇಡಂ" ಎಂದರು. ಸಮಾಜ ವಿಜ್ಞಾನದ ಟೀಚರಿಗೆ ಇಂಥ ಕೆಲಸಗಳೆಲ್ಲ ತಾನಾಗಿ ಬಂದು ಸೇರುತ್ತವೆ. ಪತ್ರಿಕೆಯಲ್ಲಿ ಏಳು ಜನರೂ ಕಿತ್ತಳೆ ಬಣ್ಣದ ಉಡುಪಿನಲ್ಲಿ ಸಾಲಾಗಿದ್ದ ಫೋಟೋ ಬಂದಿತ್ತು. ಸ್ಟಾಫ್ ರೂಮಿನಲ್ಲಿ ಕುಳಿತು ಕತ್ತರಿಯಲ್ಲಿ ಕಲ್ಪನಾಳನ್ನು ಮಾತ್ರ ಅಂದವಾಗಿ ಕತ್ತರಿಸಿ, ಸುತ್ತ ಬಣ್ಣದ ಕಾಗದದ ಅಂಚು ಕಟ್ಟಿ ಅಂಟಿಸಿದೆ. ಉಳಿದ ಆರು ಜನ ಕಸದ ಬುಟ್ಟಿಗೆ ಹೋದರು. ಎಂಟನೇ ತರಗತಿಯ ಹುಡುಗಿಯೊಬ್ಬಳು ನೋಡುತ್ತ ನಿಂತಿದ್ದಳು. "ಮಿಸ್, ಉಳಿದೋರು ಯಾರು?" ಎಂದು ಕೇಳಿದಳು. "ಅಮೆರಿಕದೋರು ಕಣಮ್ಮ" ಎಂದೆ. ಆ ಉತ್ತರವೂ ಪೂರ್ತಿ ಸರಿಯಾಗಿರಲಿಲ್ಲ. ಅವರಲ್ಲೊಬ್ಬರು ಇಸ್ರೇಲಿನವರು.

ಅದು ಅಲ್ಲಿಗೆ ಮರೆತುಹೋಗಿತ್ತು. ಎರಡು ಮೂರು ವರ್ಷದ ಮೇಲೆ ನಮ್ಮ ಶಾಲೆಯ ಹುಡುಗನೊಬ್ಬ ಸ್ಟಾಂಪಿನ ಆಲ್ಬಂ ತಂದು ತೋರಿಸಿದ. ಅವನ ಚಿಕ್ಕಪ್ಪ ಕಂಪನಿ ಕೆಲಸದ ಮೇಲೆ ಯೂರೋಪಿಗೆ ಹೋಗಿಬಂದಿದ್ದರು. ಅದರಲ್ಲಿ ಜೆಕ್ ದೇಶದ್ದೊಂದು ಸ್ಟಾಂಪು. ಚೂಪು ಚೂಪಾದ ಬೆಟ್ಟಗಳು, ಅವುಗಳಾಚೆ ಆಕಾಶದಲ್ಲಿ ದುಂಡಗೆ ಭೂಮಿ. "ಇದು ಚಂದ್ರನ ಮೇಲೆ ನಿಂತು ನೋಡಿದ ಹಾಗಿದೆ ಅಲ್ವಾ ಮಿಸ್?" ಎಂದ. ಹೌದು ಎನ್ನಿಸಿತು. ಪಕ್ಕದಲ್ಲಿದ್ದ ಹೆಸರನ್ನು ಪೆಟ್ರ್ ಗಿಂಜ್ ಎಂದು ಓದಿಕೊಂಡೆವು. ಯಾರೋ ದೊಡ್ಡ ವಿಜ್ಞಾನಿ ಇರಬೇಕು ಎಂದುಕೊಂಡೆ.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಬ್ಬಕ್ಕೆ ಊರಿಗೆ ಬಂದಾಗ ಮಾತಿಗೆ ಮಾತು ಬಂದು ಅವಳಿಗೆ ಹೇಳಿದೆ. ಅವಳು ಹಿಂದಿರುಗಿ ಹೋಗಿ ಕಂಪ್ಯೂಟರಿನಲ್ಲಿ ಹುಡುಕಿ ನಾಲ್ಕು ಹಾಳೆ ಅಚ್ಚು ಹಾಕಿ ಅಂಚೆಯಲ್ಲಿ ಕಳಿಸಿದಳು. ಆಮೇಲೆ ಆ ಹುಡುಗನ ದಿನಚರಿ 2007ರಲ್ಲಿ ಇಂಗ್ಲಿಷಿಗೆ ಬಂದಾಗ ಪುಸ್ತಕವನ್ನೇ ಕೊಡಿಸಿದಳು. ನನ್ನದು ಬಿ.ಎ.ಯ ಇಂಗ್ಲಿಷು. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಒಂದು ಬೇಸಿಗೆ ರಜೆ ಪೂರ್ತಿ ಓದಿದೆ.

ವಿಜ್ಞಾನಿಯಲ್ಲ, ಹುಡುಗ. ಪೆಟ್ರ್ ಹುಟ್ಟಿದ್ದು 1928ರಲ್ಲಿ, ಪ್ರಾಗ್ ನಗರದಲ್ಲಿ. ತಂದೆ ಯಹೂದಿ, ತಾಯಿ ಕ್ರೈಸ್ತ ಮನೆಯವರು. ಇಬ್ಬರನ್ನೂ ಕೂಡಿಸಿದ್ದು ಎಸ್ಪೆರಾಂಟೊ. ಅದು ಯಾವ ಒಂದು ದೇಶಕ್ಕೂ ಸೇರದ, ಎಲ್ಲ ದೇಶದವರೂ ಕಲಿತು ಒಬ್ಬರನ್ನೊಬ್ಬರು ಅರಿಯಲಿ ಎಂದು ಕಣ್ಣಿನ ಡಾಕ್ಟರೊಬ್ಬರು ಕಟ್ಟಿ 1887ರಲ್ಲಿ ಪ್ರಕಟಿಸಿದ ಭಾಷೆ. ಆ ಭಾಷೆಯ ಅಭಿಮಾನಿಗಳಾಗಿದ್ದ ಇವರು ಮದುವೆಯಾದರು. ಮಗನೂ ಎಸ್ಪೆರಾಂಟೊ ಕಲಿತು ಜೆಕ್ ಭಾಷೆಗೆ ಅದರ ನಿಘಂಟು ಮಾಡಲು ಹೊರಟ. ಜೂಲ್ಸ್ ವರ್ನ್‌ನ ಕಥೆಗಳ ಹುಚ್ಚು. ಹದಿನಾಲ್ಕು ತುಂಬುವ ಮೊದಲೇ ತಾನೂ ಕಾದಂಬರಿಗಳನ್ನು ಬರೆದು, ತಾನೇ ಚಿತ್ರ ಬಿಡಿಸಿ, ತಾನೇ ಬೈಂಡು ಮಾಡುತ್ತಿದ್ದ. ಎರಡು ವರ್ಷ ಚಿಕ್ಕವಳಾದ ತಂಗಿ ಇವಾ ಇವೆಲ್ಲಕ್ಕೂ ಮೊದಲ ಓದುಗಳು.

1939ರಲ್ಲಿ ಹಿಟ್ಲರನ ಸೈನ್ಯ ಪ್ರಾಗ್ ಹೊಕ್ಕಿತು. ಆಮೇಲಿನದು ನಿಮಗೆ ಗೊತ್ತಿರುವ ಕಥೆಯೇ. ಒಂಬತ್ತು, ಹತ್ತನೇ ತರಗತಿಯ ಪುಸ್ತಕದಲ್ಲಿ ಎರಡನೇ ಮಹಾಯುದ್ಧಕ್ಕೆ ನಾಲ್ಕೈದು ಪುಟ ಇರುತ್ತಿತ್ತು, ಅದರಲ್ಲಿ ಯಹೂದಿಗಳಿಗೆ ಮೂರು ಸಾಲು. ವರ್ಷ ವರ್ಷವೂ ಆ ಮೂರು ಸಾಲನ್ನು ನಾನು ಎರಡು ನಿಮಿಷದಲ್ಲಿ ಮುಗಿಸಿ, "ಇದು ಪರೀಕ್ಷೆಗೆ ಬರುತ್ತೆ, ಗೆರೆ ಹಾಕ್ಕೊಳ್ಳಿ" ಎಂದಿದ್ದೇನೆ.

ಪೆಟ್ರ್‌ನ ದಿನಚರಿ ಶುರುವಾಗುವುದು 1941ರ ಸೆಪ್ಟೆಂಬರ್ 19ಕ್ಕೆ, ಯಹೂದಿಗಳು ಅಂಗಿಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕೆಂಬ ಆಜ್ಞೆ ಜಾರಿಗೆ ಬಂದ ದಿನ. ಹುಡುಗ ಅಳುವುದಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಎಷ್ಟು ನಕ್ಷತ್ರ ಕಂಡವು ಎಂದು ಎಣಿಸುತ್ತಾನೆ! ದಿನಚರಿಯೆಲ್ಲ ಹೀಗೇ. ಇಂದು ಇಂಥ ಪಾಠ, ಇಷ್ಟು ಅಂಕ, ಇಂಥ ಸಹಪಾಠಿಯ ಮನೆಯವರನ್ನು ಕರೆದೊಯ್ದರು. ಎಲ್ಲವೂ ಒಂದೇ ದನಿಯಲ್ಲಿ. 1942ರಲ್ಲಿ ನಾಜಿ ಅಧಿಕಾರಿ ಹೈಡ್ರಿಕ್‌ನ ಮೇಲೆ ದಾಳಿಯಾದ ಮೇಲೆ ದಿನ ದಿನವೂ ಎಷ್ಟು ಜನರನ್ನು ಕೊಂದರು ಎಂಬ ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ಓದುವಾಗ ಮೊದಮೊದಲು ಇದೇನು ಕಲ್ಲುಮನಸ್ಸಿನ ಹುಡುಗ ಎನ್ನಿಸುತ್ತಿತ್ತು. ಹತ್ತು ಪುಟ ದಾಟಿದ ಮೇಲೆ ನನಗೇ ನಾಚಿಕೆಯಾಯಿತು.

ತಂದೆ ಯಹೂದಿ, ತಾಯಿ ಅಲ್ಲ ಎಂಬಂಥ ಮನೆಯ ಮಕ್ಕಳಿಗೆ ಹದಿನಾಲ್ಕು ವರ್ಷ ತುಂಬಿದರೆ ಕರೆ ಬರುತ್ತಿತ್ತು. ನಮ್ಮಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ದಿನ ಎಣಿಸುತ್ತೇವೆ. ಆ ಮನೆಯಲ್ಲಿ ಆ ತಾಯಿ ಹೇಗೆ ಎಣಿಸಿರಬೇಕು! 1942ರ ಅಕ್ಟೋಬರಿನಲ್ಲಿ ಪೆಟ್ರ್‌ಗೆ ಕರೆ ಬಂತು. ಆಗ ಅವನು ಟೈಪ್‌ರೈಟರ್ ರಿಪೇರಿ ಮಾಡುವ ಕಡೆ ಕೆಲಸಕ್ಕಿದ್ದ. ಹೊರಡುವಾಗ ಅವನು ಸಾಮಾನಿನ ಜೊತೆ ತುಂಬಿಕೊಂಡದ್ದು ಬರೆಯುವ ಕಾಗದ, ಅಚ್ಚಿನ ಚಿತ್ರ ಕೊರೆಯುವ ಲಿನೋಲಿಯಂ ತುಂಡುಗಳು, ಅದನ್ನು ಕೊರೆಯುವ ಸಣ್ಣ ಚಾಕುಗಳು.

ಹೋದದ್ದು ಟೆರೆಜಿನ್ ಎಂಬ ಊರಿಗೆ. ಪ್ರಾಗಿನಿಂದ ಅರವತ್ತು ಕಿಲೋಮೀಟರು, ಹದಿನೆಂಟನೆಯ ಶತಮಾನದ ಕೋಟೆಯ ಪಟ್ಟಣ. ಯುದ್ಧಕ್ಕೆ ಮೊದಲು ಅಲ್ಲಿ ಸುಮಾರು 7,000 ಜನ ಇದ್ದರು. ನಾಜಿಗಳು ಅದನ್ನು ಯಹೂದಿಗಳ ಬಂದೀಖಾನೆ ಮಾಡಿದ ಮೇಲೆ, 1942ರ ಸೆಪ್ಟೆಂಬರ್ ಹೊತ್ತಿಗೆ 58,000 ಜನರನ್ನು ತುಂಬಿದ್ದರು. ನಮ್ಮ ಇಡೀ ತಿಪಟೂರು ಪೇಟೆಯನ್ನು ಒಂದು ದೊಡ್ಡ ಹಳ್ಳಿಯೊಳಗೆ ತುರುಕಿದಂತೆ. ಒಟ್ಟು ಅಲ್ಲಿಗೆ ತಂದವರು ಸುಮಾರು 1,40,000. ಹಸಿವು, ಕಾಯಿಲೆಗೆ ಅಲ್ಲೇ ಸತ್ತವರು ಸುಮಾರು 33,000. ಅಲ್ಲಿಂದ ಮುಂದೆ ಆಶ್‌ವಿಟ್ಜ್ ಮುಂತಾದ ಕಡೆಗೆ ಸಾಗಿಸಿದ್ದು ಸುಮಾರು 88,000 ಜನರನ್ನು.

ಹುಡುಗರನ್ನು ಇಟ್ಟಿದ್ದ ಕಟ್ಟಡಕ್ಕೆ ಎಲ್ 417 ಎಂದು ನಂಬರು. ಅದು ಹಿಂದೆ ಶಾಲೆಯಾಗಿತ್ತಂತೆ. ಓದುವಾಗ ಇಲ್ಲಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಒಂದನೇ ಕೋಣೆಯ ಹುಡುಗರನ್ನು ನೋಡಿಕೊಳ್ಳುತ್ತಿದ್ದವರು ವಾಲ್ಟರ್ ಐಸಿಂಗರ್ ಎಂಬ ಮೇಷ್ಟರು. ಅವರೂ ಬಂದಿ. ಪಾಠ ಹೇಳುವುದಕ್ಕೆ ನಿಷೇಧವಿತ್ತು, ಕದ್ದು ಹೇಳುತ್ತಿದ್ದರು. ಅವರ ಹುಡುಗರು ಸೇರಿ 'ವೆದೆಮ್' ಎಂಬ ವಾರಪತ್ರಿಕೆ ತೆಗೆದರು. 'ನಾವು ಮುನ್ನಡೆಸುತ್ತೇವೆ' ಎಂದು ಅರ್ಥ. ಅದರ ಸಂಪಾದಕ ಪೆಟ್ರ್. ಇರುತ್ತಿದ್ದದ್ದು ಒಂದೇ ಪ್ರತಿ. ಶುಕ್ರವಾರ ಸಂಜೆ ಮಂಚದ ಸಾಲುಗಳ ನಡುವೆ ಕುಳಿತು ಬರೆದವರೇ ಓದಿ ಹೇಳುತ್ತಿದ್ದರು. ಲೇಖನ ಕಡಿಮೆ ಬಿದ್ದ ವಾರ, ಅಮ್ಮ ಪ್ರಾಗಿನಿಂದ ಕಳಿಸಿದ ತಿಂಡಿಯ ಪೊಟ್ಟಣ ಬಿಚ್ಚಿ, ಬರೆದುಕೊಟ್ಟವರಿಗೆ ಹಂಚುತ್ತಿದ್ದನಂತೆ. ತಾಯಿ ಯಹೂದಿ ಅಲ್ಲದ್ದರಿಂದ ಅವರು ಊರಲ್ಲೇ ಉಳಿದು ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಮಗ ಅದನ್ನು ಪತ್ರಿಕೆಗೆ ಸಂಭಾವನೆ ಮಾಡಿಬಿಟ್ಟ!

ನಮ್ಮ ಹೈಸ್ಕೂಲುಗಳಲ್ಲೂ ಕೈಬರಹ ಪತ್ರಿಕೆ ಎಂದು ಇರುತ್ತಿತ್ತು, ನೆನಪಿದೆಯೇ? ಡ್ರಾಯಿಂಗ್ ಷೀಟಿನ ರಟ್ಟು, ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೂಬಳ್ಳಿ, ಒಳಗೆ ಒಂದು ಚುಟುಕ, ಎರಡು ನಗೆಹನಿ, ಕದ್ದ ಕಥೆಯೊಂದು. ನನ್ನಣ್ಣ ಅಂಥದ್ದೊಂದಕ್ಕೆ ಸಂಪಾದಕನಾಗಿದ್ದ. ಅವನ ವಿಷಯ ಆಮೇಲೆ ಹೇಳುತ್ತೇನೆ.

ಟೆರೆಜಿನ್‌ನಲ್ಲಿರುವಾಗ ಯಾವಾಗಲೋ ಒಮ್ಮೆ ಪೆಟ್ರ್ ಪೆನ್ಸಿಲ್ ಹಿಡಿದು ಆ ಚಿತ್ರ ಬಿಡಿಸಿದ. ದೊಡ್ಡ ಚಿತ್ರವೇನಲ್ಲ, ನಮ್ಮ ನೋಟ್‌ಬುಕ್ಕಿನ ಹಾಳೆಗಿಂತ ಚಿಕ್ಕದು, ಹದಿನಾಲ್ಕೂವರೆ ಸೆಂಟಿಮೀಟರ್ ಎತ್ತರ, ಇಪ್ಪತ್ತೊಂದು ಅಗಲ. ಅದನ್ನು 'ಚಂದ್ರನ ಭೂದೃಶ್ಯ' ಎನ್ನುತ್ತಾರೆ. ಕೋಟೆಯ ಗೋಡೆ ದಾಟುವ ಹಾಗಿಲ್ಲದ ಹುಡುಗ ಚಂದ್ರನ ಮೇಲೆ ಹೋಗಿ ನಿಂತು ಭೂಮಿಯ ಕಡೆ ನೋಡಿದ. ಮನುಷ್ಯರು ಚಂದ್ರನನ್ನು ಸುತ್ತಿ ಅಲ್ಲಿಂದ ಕಾಣುವ ಭೂಮಿಯ ಫೋಟೋ ತೆಗೆದದ್ದು 1968ರ ಡಿಸೆಂಬರಿನಲ್ಲಿ, ಅಪೋಲೋ 8ರಿಂದ. ನಾನು ಹುಟ್ಟಿದ್ದು ಅದರ ಮರುವರ್ಷ. ನಮ್ಮ ವಿಜ್ಞಾನದ ಮೇಷ್ಟರಿಗೆ ಚಿತ್ರ ತೋರಿಸಿದಾಗ, "ಚಂದ್ರನ ಬೆಟ್ಟಗಳು ಹೀಗೆ ಚೂಪಾಗಿರಲ್ಲ ಮೇಡಂ, ಸವೆದು ದುಂಡಗಿರ್ತವೆ" ಎಂದು ತಿದ್ದಿದರು. ಆ ಕಾಲದಲ್ಲಿ ಎಲ್ಲ ಚಿತ್ರಕಾರರೂ ಚೂಪಾಗಿಯೇ ಬರೆಯುತ್ತಿದ್ದರಂತೆ. ಇರಲಿ. ಹುಡುಗ ಕಣ್ಣಾರೆ ಕಂಡ ಬೆಟ್ಟವೇನೂ ಅಲ್ಲವಲ್ಲ.

ತಂಗಿ ಇವಾಳಿಗೂ ಹದಿನಾಲ್ಕು ತುಂಬಿತು. 1944ರ ಮೇ ತಿಂಗಳಲ್ಲಿ ಅವಳೂ ಅಲ್ಲಿಗೆ ಬಂದಳು. ಅಣ್ಣ ತಂಗಿ ಒಟ್ಟಿಗಿದ್ದದ್ದು ನಾಲ್ಕು ತಿಂಗಳು. ಸೆಪ್ಟೆಂಬರ್ 28ರಂದು ಪೆಟ್ರ್‌ನನ್ನು ಆಶ್‌ವಿಟ್ಜ್‌ಗೆ ಹೋಗುವ ರೈಲಿಗೆ ಹಾಕಿದರು. ಹೊರಡುವ ಮೊದಲು ಇಟ್ಟಿದ್ದ ಕಟ್ಟಡದ ಹತ್ತಿರ, ಜನ ಬರದಂತೆ ಹಗ್ಗ ಕಟ್ಟಿದ್ದರು. ಇವಾ ಅದರಡಿ ನುಸುಳಿ ಕಿಟಕಿಯ ಸರಳಿನ ನಡುವೆ ಎರಡು ತುಂಡು ಬ್ರೆಡ್ಡು ಕೊಟ್ಟಳು, ಅಣ್ಣನ ಕೈ ಮುಟ್ಟಿದಳು. ಅಷ್ಟರಲ್ಲಿ ಕಾವಲಿನವನು ಓಡಿಸಿದ. ಇದನ್ನು ಅವಳೇ ತನ್ನ ದಿನಚರಿಯಲ್ಲಿ ಬರೆದಿದ್ದಾಳೆ. ಪೆಟ್ರ್‌ನನ್ನು ಆಶ್‌ವಿಟ್ಜ್‌ನ ಅನಿಲಕೋಣೆಯಲ್ಲಿ ಕೊಂದರು. ವಯಸ್ಸು ಹದಿನಾರು. ಒಂದನೇ ಕೋಣೆಯಲ್ಲಿ ಇದ್ದುಹೋದ ನೂರರಷ್ಟು ಹುಡುಗರಲ್ಲಿ ಬದುಕಿ ಉಳಿದವರು ಹದಿನೈದೇ ಜನ. ಮೇಷ್ಟರೂ ಉಳಿಯಲಿಲ್ಲ.

ಇನ್ನು ಕಾಗದಗಳ ಕಥೆ. ನನ್ನ ಮನಸ್ಸು ಈ ಇಷ್ಟು ವರ್ಷವೂ ಸುತ್ತುತ್ತಿರುವುದು ಅದರ ಸುತ್ತಲೇ. ಸಾಯುವವರೆಲ್ಲ ಸತ್ತರು, ಕಾಗದ ಹೇಗೆ ಉಳಿಯಿತು? ಪತ್ರಿಕೆಯ ಸುಮಾರು 800 ಪುಟ ಉಳಿದದ್ದು ಒಬ್ಬ ಹುಡುಗನಿಂದ. ಜ್ಡೆನೆಕ್ ಟಾಸಿಗ್ ಎಂದು ಅವನ ಹೆಸರು. ಅವನ ತಂದೆಯ ಕೆಲಸ ಕಮ್ಮಾರಸಾಲೆಯಲ್ಲಿ. ಎಲ್ಲರನ್ನೂ ಸಾಗಿಸಿದ ಮೇಲೂ ಇವನು ಟೆರೆಜಿನ್‌ನಲ್ಲಿ ಉಳಿದಿದ್ದ. ಆ ಕಟ್ಟನ್ನು ಕಮ್ಮಾರಸಾಲೆಯಲ್ಲಿ ಅಡಗಿಸಿಟ್ಟು, 1945ರಲ್ಲಿ ಬಿಡುಗಡೆಯಾದಾಗ ಪ್ರಾಗ್‌ಗೆ ಹೊತ್ತು ತಂದ. ಚಂದ್ರನ ಚಿತ್ರ ಮನೆಯವರ ಕೈ ಸೇರಿತ್ತು. ತಂದೆ ಅದನ್ನು ಜೆರೂಸಲೇಮಿನ ಯಾದ್ ವಾಶೆಮ್ ಎಂಬ ಸ್ಮಾರಕ ಸಂಗ್ರಹಕ್ಕೆ ಕೊಟ್ಟರು. ಅಲ್ಲಿ ಸಾವಿರಾರು ಚಿತ್ರಗಳಲ್ಲಿ ಅದೂ ಒಂದಾಗಿ ಕುಳಿತಿತ್ತು.

ನಾನು ಕತ್ತರಿಸಿ ಬುಟ್ಟಿಗೆ ಹಾಕಿದ ಆರು ಮುಖಗಳಲ್ಲಿ ಒಂದು ಇಲಾನ್ ರಾಮೋನ್ ಅವರದು. ಇಸ್ರೇಲಿನ ಮೊದಲ ಗಗನಯಾತ್ರಿ. ಅವರ ತಾಯಿ, ಅಜ್ಜಿ ಇಬ್ಬರೂ ಆಶ್‌ವಿಟ್ಜ್‌ನಿಂದ ಬದುಕಿ ಬಂದವರು. ಬಾಹ್ಯಾಕಾಶಕ್ಕೆ ಹೋಗುವಾಗ ಆ ದುರಂತದ ಗುರುತಾಗಿ ಏನಾದರೂ ಕೊಂಡೊಯ್ಯುತ್ತೇನೆ ಎಂದು ಅವರು ಕೇಳಿದಾಗ ಯಾದ್ ವಾಶೆಮ್‌ನವರು ಆರಿಸಿದ್ದು ಪೆಟ್ರ್‌ನ ಈ ಚಿತ್ರದ ಪ್ರತಿಯನ್ನು. 2003ರ ಜನವರಿ 16ರಂದು ಅದು ಕಲ್ಪನಾ ಇದ್ದ ನೌಕೆಯಲ್ಲೇ ಮೇಲೇರಿತು. ಫೆಬ್ರವರಿ 1ರಂದು ಎಲ್ಲರೊಂದಿಗೆ ಉರಿದುಹೋಯಿತು. ಪೆಟ್ರ್ ಹುಟ್ಟಿದ್ದೂ ಫೆಬ್ರವರಿ 1. ಬದುಕಿದ್ದರೆ ಅಂದಿಗೆ ಎಪ್ಪತ್ತೈದು ತುಂಬುತ್ತಿತ್ತು. ನಾನು ದಿನ, ನಕ್ಷತ್ರ ಎಂದು ನಂಬಿ ಕೂರುವವಳಲ್ಲ. ಆದರೂ ಆ ಹಾಳೆಯಲ್ಲಿ ಇದನ್ನು ಓದಿದಾಗ ಮೈ ಜುಮ್ಮೆಂದಿತು.

ಆ ವಾರ ಲೋಕದ ಪತ್ರಿಕೆಗಳಲ್ಲೆಲ್ಲ ಗಿಂಜ್ ಎಂಬ ಹೆಸರು ಬಂತು. ಪ್ರಾಗ್‌ನಲ್ಲಿ ಒಬ್ಬರು ಈ ಸುದ್ದಿ ಕೇಳಿ ತಲೆ ಎತ್ತಿದರು. ಈ ಹೆಸರು ಎಲ್ಲೋ ನೋಡಿದ್ದೇನಲ್ಲ! ಅವರು ಪ್ರಾಗ್‌ನ ಮೋದ್ರಾನಿ ಎಂಬ ಕಡೆ ಒಂದು ಹಳೆಯ ಮನೆ ಕೊಂಡಿದ್ದರು. ಅದರ ಅಟ್ಟದಲ್ಲಿ ಹಳೆಯ ನೋಟ್‌ಬುಕ್ಕುಗಳು, ಚಿತ್ರಗಳು ಸಿಕ್ಕಿದ್ದವು. ಬಿಸಾಡದೆ ಇಟ್ಟಿದ್ದರು. ತೆಗೆದು ನೋಡಿದರೆ ಅದೇ ಹುಡುಗನದು. ಅವುಗಳನ್ನು ಮಾರುವುದಾಗಿ ಯಾದ್ ವಾಶೆಮ್‌ಗೆ ತಿಳಿಸಿದರು. ಇಸ್ರೇಲಿನಲ್ಲಿ ನೆಲೆಸಿ ಹಾವಾ ಪ್ರೆಸ್‌ಬರ್ಗರ್ ಎಂಬ ಹೆಸರಿನಲ್ಲಿ ಚಿತ್ರಕಲಾವಿದೆಯಾಗಿದ್ದ ತಂಗಿ ಇವಾ, ಅಕ್ಷರ ನೋಡಿದೊಡನೆ ಇದು ನನ್ನಣ್ಣನದು ಎಂದು ಗುರುತಿಸಿದರು. ಅರವತ್ತು ವರ್ಷದ ಮೇಲೆ ಅಣ್ಣನ ಬರಹ. ಅದರಲ್ಲಿ ಇವಾ ಎಂಬ ತಂಗಿಯೂ ಇದ್ದಳು. 2004ರಲ್ಲಿ ಅವರೇ ಸಂಪಾದಿಸಿ ಜೆಕ್ ಭಾಷೆಯಲ್ಲಿ ದಿನಚರಿ ಪ್ರಕಟಿಸಿದರು. 2005ರಲ್ಲಿ ನಾನು ಕಂಡ ಆ ಸ್ಟಾಂಪು ಬಂತು. 2018ರಲ್ಲಿ ಆಂಡ್ರ್ಯೂ ಫ್ಯೂಸ್ಟೆಲ್ ಎಂಬ ಅಮೆರಿಕದ ಗಗನಯಾತ್ರಿ ಚಿತ್ರದ ಇನ್ನೊಂದು ಪ್ರತಿಯನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ದು, ಈ ಸಲ ಅದು ಸುಖವಾಗಿ ಹಿಂದಿರುಗಿತು.

ಮೊದಲ ಸಲ ಓದಿದಾಗ ಆ ಮನೆ ಕೊಂಡವರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಸತ್ತ ಹುಡುಗನ ಪುಸ್ತಕಕ್ಕೆ ಬೆಲೆ ಕಟ್ಟುವುದೇ? ಹಾಗೇ ತಂಗಿಯ ಕೈಗೆ ಕೊಡಬಾರದಿತ್ತೇ? ಸ್ಟಾಫ್ ರೂಮಿನಲ್ಲೂ ಹೀಗೇ ಭಾಷಣ ಮಾಡಿದೆ. ಎಲ್ಲರೂ ಹೌದೌದು ಎಂದರು. ಆದರೆ ಆ ಸಿಟ್ಟು ಎಲ್ಲಿಂದ ಬಂತೆಂದು ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮ ತವರುಮನೆ ತಿಪಟೂರು ಸೀಮೆಯ ಹಳ್ಳಿ. ನಮ್ಮ ಕಡೆ ಅಟ್ಟವೆಂದರೆ ತೆಂಗಿನಕಾಯಿಯದು. ಕಾಯಿ ಅಟ್ಟಕ್ಕೆ ಹಾಕಿ ಹನ್ನೊಂದು ಹನ್ನೆರಡು ತಿಂಗಳು ಬಿಟ್ಟರೆ ಒಳಗೇ ಒಣಗಿ ಉಂಡೆಕೊಬ್ಬರಿಯಾಗುತ್ತದೆ. ಆ ಕಾಯಿಗಳ ಪಕ್ಕ ಒಂದು ತಗಡಿನ ಟ್ರಂಕು. ಅದರಲ್ಲಿ ನನ್ನಣ್ಣನ ಪುಸ್ತಕಗಳು. ನನಗಿಂತ ಮೂರು ವರ್ಷ ದೊಡ್ಡವನು. 1983ರಲ್ಲಿ, ಪಿ.ಯು.ಸಿ. ಮೊದಲ ವರ್ಷದಲ್ಲಿದ್ದಾಗ ಕಾಮಾಲೆಯಾಗಿ ಹೋಗಿಬಿಟ್ಟ. ಹದಿನೇಳು ವರ್ಷ. ಪೆಟ್ರ್‌ನ ಸಾವಿಗೂ ಇದಕ್ಕೂ ಹೋಲಿಕೆ ಮಾಡುತ್ತಿಲ್ಲ, ತಪ್ಪು ತಿಳಿಯಬೇಡಿ. ನಮ್ಮಣ್ಣನನ್ನು ಯಾರೂ ಕೊಲ್ಲಲಿಲ್ಲ. ನಾಟಿ ಔಷಧಿ ಎಂದು ಎಂಟು ದಿನ ಕಳೆದು, ಆಸ್ಪತ್ರೆಗೆ ಹೋಗುವುದು ತಡವಾಯಿತು ಅಷ್ಟೆ. ಹೈಸ್ಕೂಲಿನಲ್ಲಿ ಅವನು ಗೆಳೆಯರೊಂದಿಗೆ ತೆಗೆದ ಕೈಬರಹ ಪತ್ರಿಕೆಯ ಸಂಚಿಕೆಗಳೆಲ್ಲ ಆ ಟ್ರಂಕಿನಲ್ಲಿದ್ದವು.

1999ರಲ್ಲಿ ಹೆಂಚು ಇಳಿಸಿ ಆರ್.ಸಿ.ಸಿ. ಹಾಕಿಸುವುದೆಂದಾಯಿತು. ಅಮ್ಮ ತಂಗಿಯ ಬಾಣಂತನಕ್ಕೆ ಹೋಗಿದ್ದರು. ದಸರಾ ರಜೆಯಾದ್ದರಿಂದ ಅಟ್ಟ ಖಾಲಿ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಧೂಳು, ಜೇಡ, ಇಲಿಪಿಕ್ಕೆ, ಕೆಳಗೆ ಗಾರೆಯವರ ಅವಸರ. ಹಳೇ ಪೇಪರ್, ಹಳೇ ಕಬ್ಬಿಣ ಎಂದು ಕೂಗುತ್ತ ಸೈಕಲ್ಲಿನವನು ಬಂದ. ಟ್ರಂಕು ತೆಗೆದೆ. ಒಂದೆರಡು ಪುಟ ತಿರುವಿದೆ, ಸೀನು ಬಂತು. ಎಲ್ಲವನ್ನೂ ತಕ್ಕಡಿಗೆ ಹಾಕಿಸಿದೆ. ಮನೆಯ ಬೇರೆ ಹಳೇ ಪೇಪರುಗಳೂ ಸೇರಿ ಬಂದ ದುಡ್ಡಿಗೆ ಬದಲಾಗಿ ಒಂದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡೆ. ಮನೆ ಚೊಕ್ಕಟ ಮಾಡುವ ಉಮೇದು ಹೆಂಗಸರಿಗೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಅಂದು ಸಂಜೆ ಖಾಲಿ ಅಟ್ಟ ನೋಡಿ ನನಗೆ ನಿಜವಾಗಿ ಸಂತೋಷವೇ ಆಗಿತ್ತು.

ಅಮ್ಮ ಬಂದು ಟ್ರಂಕು ತೆರೆದು ನೋಡಿ, "ಪುಸ್ತಕ?" ಎಂದರು. "ಗೆದ್ದಲು ಹತ್ತಿ ಎಲ್ಲಾ ಹಾಳಾಗಿತ್ತಮ್ಮ" ಎಂದೆ. ಹಾಳಾಗಿರಲಿಲ್ಲ. ಗೆದ್ದಲಿನ ಗುರುತೇ ಇರಲಿಲ್ಲ. ಅಮ್ಮ ಮತ್ತೇನೂ ಕೇಳಲಿಲ್ಲ. ಆದರೆ ಆ ಬಕೆಟ್ಟನ್ನು ಅವರು ಎಂದೂ ಮುಟ್ಟಲಿಲ್ಲ. ಬಚ್ಚಲಲ್ಲಿ ಅದು ಎದುರಿಗೇ ಇದ್ದರೂ ತಾಮ್ರದ ಬಿಂದಿಗೆಯಲ್ಲೇ ನೀರು ಹಿಡಿಯುತ್ತಿದ್ದರು. ಅದನ್ನು ಗಮನಿಸಿದ್ದೆ. ಗಮನಿಸದವಳಂತೆ ಇದ್ದೆ.

ಈಗ ಅಮ್ಮ ನನ್ನ ಜೊತೆ ಇದ್ದಾರೆ. ಎಂಬತ್ತರ ಹತ್ತಿರ. ಕಣ್ಣು ಮಂದ, ಕಿವಿ ಚುರುಕು. ಹೋದ ಚಳಿಗಾಲದ ಒಂದು ಮಧ್ಯಾಹ್ನ ಅವರೆಕಾಳು ಬಿಡಿಸುತ್ತ ಕುಳಿತಿದ್ದಾಗ, ಏನಾದರೂ ಕಥೆ ಹೇಳೇ ಎಂದರು. ಬಾಯಿಗೆ ಪೆಟ್ರ್‌ನ ಕಥೆಯೇ ಬಂತು. ಪೂರ್ತಿ ಹೇಳಿದೆ. ಕಿಟಕಿಯ ಬ್ರೆಡ್ಡಿನ ಹತ್ತಿರ ಅವರ ಕೈ ನಿಂತಿತು. ಕೊನೆಗೆ ಪ್ರಾಗ್‌ನ ಮನೆಯ ಅಟ್ಟಕ್ಕೆ ಬಂದೆ. ರೂಢಿಯಂತೆ, "ನೋಡಮ್ಮ, ಅದಕ್ಕೂ ದುಡ್ಡು ಕೇಳಿದ ಪುಣ್ಯಾತ್ಮ" ಎಂದು ಆಡಿಕೊಂಡೆ.

"ಕೇಳ್ಲಿ ಬಿಡು" ಎಂದರು ಅಮ್ಮ. "ಬಿಸಾಕಲಿಲ್ಲವಲ್ಲ ಅವನು."

ನಾನು ಕಾಳಿನ ಮೊರ ನೋಡುತ್ತ ಕುಳಿತೆ.

"ಆ ಹುಡುಗನ ತಾಯಿ ಇದ್ದಳಾ, ಪುಸ್ತಕ ಸಿಕ್ಕಿದಾಗ?"

"ಇಲ್ಲಮ್ಮ. ಅಷ್ಟೊತ್ತಿಗೆ ಅವರು ತೀರಿಹೋಗಿದ್ರು. ತಂಗಿ ಇದ್ರು."

"ಹೋಗ್ಲಿ, ತಂಗಿಯಾದ್ರೂ ನೋಡಿದ್ಲಲ್ಲ."

ಅದನ್ನು ಅವರು ಚುಚ್ಚಿ ಆಡಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. "ಅಮ್ಮ, ಗೆದ್ದಲು ತಿಂದಿರಲಿಲ್ಲ. ನಾನೇ ತೂಕಕ್ಕೆ ಹಾಕಿದ್ದು" ಎಂದೆ. ಇಪ್ಪತ್ತು ವರ್ಷದ ಮೇಲಾಗಿತ್ತು ಆ ಸುಳ್ಳಿಗೆ.

"ನಂಗೊತ್ತಿಲ್ವೇನೆ" ಎಂದರು. "ಪ್ರತಿ ಯುಗಾದಿಗೂ ಕೆಳಗಿಳಿಸಿ ಬಿಸಿಲಿಗೆ ಹಾಕ್ತಿದ್ದೆ. ಬೇವಿನಸೊಪ್ಪು ಇಟ್ಟು ಮುಚ್ಚುತಿದ್ದೆ. ಗೆದ್ದಲು ಎಲ್ಲಿಂದ ಬರುತ್ತೆ?"

ಹದಿನಾರು ಯುಗಾದಿ. ನಾವು ಮಕ್ಕಳು ಯಾರೂ ಅದನ್ನು ನೋಡಿರಲಿಲ್ಲ. ಅಮ್ಮನಿಗೆ ಓದಲು ಬರುತ್ತಿದ್ದದ್ದು ಮೂರನೇ ಕ್ಲಾಸಿನಷ್ಟು. ಬಿಸಿಲಿಗೆ ಹರಡಿದಾಗ ಒಂದೊಂದೇ ಪುಟ ಕೂಡಿಸಿಕೊಂಡು ಓದುತ್ತಿದ್ದರಂತೆ.

ಸ್ವಲ್ಪ ಹೊತ್ತು ಇಬ್ಬರೂ ಕಾಳು ಬಿಡಿಸಿದೆವು. ಆಮೇಲೆ ಅಮ್ಮ, "ಮೊದಲನೇ ಪುಸ್ತಕದ ಮೇಲೆ ಕೆರೆ ಏರಿ ಬರೆದಿದ್ದ" ಎಂದು ಶುರು ಮಾಡಿದರು. "ಏರಿ ಮೇಲೆ ಎರಡು ಎತ್ತು. ಒಂದಕ್ಕೆ ಕೊಂಬು ಹಾಕೋದೇ ಮರ್ತುಬಿಟ್ಟಿದ್ದ. ಕೇಳಿದ್ರೆ ಅದು ಕರು ಅಂತ ವಾದ ಮಾಡಿದ. ಒಳಗೆ ನಮ್ಮೂರ ಜಾತ್ರೆ ಬಗ್ಗೆ ಬರೆದಿದ್ದ, ನಿನ್ನ ಜಡೆ ಬಗ್ಗೆ ಒಂದು ತಮಾಷೆ ಇತ್ತು..."

"ನನ್ನ ಜಡೆ ಬಗ್ಗೆನಾ?"

"ಹೂಂ. ಏನು ನೋಡ್ತಾ ಕೂತೆ, ಕೈ ಒರೆಸ್ಕೊಂಡು ಪುಸ್ತಕ ತಗೊಂಬಾ. ಹೇಳ್ತೀನಿ, ಬರ್ಕೋ."